ಲಿಚ್‌ವರ್ಡ್ ಮನೆತನದ ಮೊದಲ ಕಾವಲು

ನಮ್ಮ ಡೆವನ್ ಸೀಮೆಯ ಕಾಡುಗಳಲ್ಲಿ ಇನ್ನೂ ತೋಳಗಳಿದ್ದ ಕಾಲದಲ್ಲಿ, ನಮ್ಮ ಹಳ್ಳಿಯಲ್ಲಿ ಹ್ಯಾಮನ್ ಎಂಬ ಕುರುಬನಿದ್ದನೆಂದು ಅಜ್ಜಿ ಹೇಳುತ್ತಿದ್ದಳು. ಕೊನೆಯದಾಗಿ ಮಣ್ಣಾದವರ ಆತ್ಮ ಮುಂದಿನ ಹೆಣ ಬರುವ ತನಕ ಚರ್ಚಿನ ಸ್ಮಶಾನವನ್ನು ಕಾಯಬೇಕೆಂಬುದು ನಮ್ಮ ಕಡೆಯ ನಂಬಿಕೆ. ಆ ವರ್ಷ ಕೊನೆಯದಾಗಿ ಮಣ್ಣಾದವಳು ಹ್ಯಾಮನ್ನನ ಮಗಳು, ಕತ್ತಲೆಗೆ ಹೆದರುತ್ತಿದ್ದ ಪುಟ್ಟ ಅವಿಸ್.

“ಬೇಗ ಬಿಡಿಸ್ತೀನಿ ಮಗಳೇ,” ಎಂದು ಅವನು ಗೋರಿಗೆ ಮಾತು ಕೊಟ್ಟ.

ಆದರೆ ಹಳ್ಳಿಯಲ್ಲಿ ಯಾರೂ ಸಾಯಲಿಲ್ಲ. ಸಂಜೆಯಾದರೆ ಅವನು ಸ್ಮಶಾನದ ಬಾಗಿಲಲ್ಲಿ ನಿಲ್ಲುತ್ತಿದ್ದ. ಜನ ಅವನನ್ನು ಲಿಚ್‌ವರ್ಡ್, ಅಂದರೆ ಹೆಣ ಕಾಯುವವನು, ಎಂದು ಕರೆಯತೊಡಗಿದರು. ಯಾರು ಕೆಮ್ಮಿದರೂ ಅವರ ಕಿಟಕಿಯಾಚೆ ಅವನ ನೆರಳು ಕಾಣುತ್ತಿತ್ತು.

“ಏನಪ್ಪಾ ಲಿಚ್‌ವರ್ಡ್, ನನ್ನ ಉಸಿರು ನಿಂತಿದ್ಯಾ ಅಂತ ನೋಡೋಕೆ ಬಂದ್ಯಾ?” ಎಂದಳು ಮುದುಕಿ ಎಡಿತ್.

“ಹೇಗಿದೀಯಜ್ಜಿ ಅಂತ ಕೇಳೋಣ ಅಂತ.”

“ಗಟ್ಟಿಯಾಗಿದೀನಿ. ನಿನ್ನ ಮಗಳಿಗೆ ಇನ್ನೊಂದು ಚಳಿಗಾಲ ಕಾಯೋಕೆ ಹೇಳು.”

ಮರುದಿನ ಅವನು ಅವಿಸ್‌ಳ ಪಕ್ಕದಲ್ಲೇ ಗುಂಡಿ ತೋಡತೊಡಗಿದ. ಯಾರಿಗೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಎಡಿತ್ ಬಾಗಿಲಿಗೆ ಅಗುಳಿ ಹಾಕಿಕೊಂಡಳು. ಮೊದಲ ಹಿಮ ಬಿದ್ದ ದಿನ ಅವನು ಸ್ಮಶಾನದಿಂದ ಮನೆಗೆ ಮರಳಲಿಲ್ಲ. ಬೆಳಗ್ಗೆ ಊರವರು ಚಳಿಗೆ ಸೆಟೆದು ಸತ್ತಿದ್ದ ಅವನನ್ನೇ ಆ ಗುಂಡಿಯಲ್ಲಿ ಮಣ್ಣು ಮಾಡಿದರು. ಲಿಚ್‌ವರ್ಡ್ ಎಂಬ ಹೆಸರು ಅವನ ಮಗನಿಗೆ ಬಂತು, ಆಮೇಲೆ ನಮಗೆ.

ಅವಿಸ್‌ಳ ಕಾವಲು ಮುಗಿಯಿತು.