ಮೈನಾ ಎಂಬ ಎಮ್ಮೆಯ ಬಳಗ

ನಾನು ಒಂದು ಎಮ್ಮೆಯ ತಲೆಬುರುಡೆ. ಮೈತುಂಬ ಕಪ್ಪು ಚರ್ಮ ಹೊದ್ದು ಧಾರವಾಡದ ಗೌಳಿಗಲ್ಲಿಯಲ್ಲಿ ಹುಟ್ಟಿದವಳು. ನನ್ನನ್ನು ಮೊದಲು ಮುಟ್ಟಿದ್ದು ತುಳಸಾಬಾಯಿಯ ಕೈ. ಒದ್ದೆ ಮೈಯನ್ನು ಗೋಣಿತಟ್ಟಿನಿಂದ ಒರೆಸಿ, ಮೈನಾ ಎಂದು ಹೆಸರಿಟ್ಟಳು. ನನ್ನ ಕೊಂಬು ಬೆನ್ನಿನತ್ತ ಉದ್ದಕ್ಕೆ ಬಾಗಿ ಬೆಳೆಯಿತು. ಕೊಟ್ಟಿಗೆಯ ಬಾಗಿಲು ದಾಟುವಾಗ ಅದು ಚೌಕಟ್ಟಿಗೆ ತಾಗಿದರೆ ಆಕೆ ಬೈಯುತ್ತಲೇ ನನ್ನ ತಲೆಯನ್ನು ಓರೆ ಮಾಡಿ ಒಳಗೆ ಕರೆದುಕೊಳ್ಳುತ್ತಿದ್ದಳು. ಮಧ್ಯಾಹ್ನ ನಾವೆಲ್ಲ ಕೆರೆಯ ಕೆಸರಿನಲ್ಲಿ ಕಣ್ಣು, ಮೂಗು ಮಾತ್ರ ಮೇಲಿಟ್ಟು ಮಲಗುತ್ತಿದ್ದೆವು. ಬಳಗ ಎಂದರೆ ಏನೆಂದು ಆಗ ಯೋಚಿಸಿರಲಿಲ್ಲ.

ಒಂದು ಬೇಸಿಗೆ, ಹೊಟ್ಟೆಯೊಳಗಿನ ಕರು ಅಡ್ಡ ತಿರುಗಿತು. ಡಾಕ್ಟರು ಬಂದರೂ ಕರು ಉಳಿಯಲಿಲ್ಲ, ನಾನೂ ಉಳಿಯಲಿಲ್ಲ. ತುಳಸಾಬಾಯಿ ಒಲೆ ಹಚ್ಚದೆ ಕೂತುಬಿಟ್ಟಳು. ಹಾಲು ಬಾರದ್ದಕ್ಕೆ ವಿಚಾರಿಸಲು ಬಂದವಳು ಇಂದುಮತಿ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವಾಕೆ. ಪಕ್ಕದಲ್ಲಿ ಕೂತು, ಅಂಜುತ್ತ ಕೇಳಿದಳು: “ಇಕಿ ತಲಿಬುರುಡಿ ನಮ್ಮ ಮ್ಯೂಸಿಯಮ್ಮಿಗೆ ಕೊಡ್ತೀರೇನು?”

ತುಳಸಾಬಾಯಿ ಮುಖ ತಿರುಗಿಸಿದಳು. ಆಮೇಲೆ, “ಒಯ್ಯಿರಿ ಬಾಯಾರ. ನನ್ನ ಮುಂದ ಮಾತ್ರ ಒಯ್ಯಬ್ಯಾಡ್ರಿ” ಎಂದಳು.

ಮಣ್ಣು ನನ್ನ ಮಾಂಸವನ್ನೆಲ್ಲ ತಿಂದ ಮೇಲೆ, ತೊಳೆದು ಕಪಾಟಿನಲ್ಲಿಟ್ಟರು. ಪಕ್ಕದಲ್ಲಿ ದಾಂಡೇಲಿ ಕಾಡಿನಿಂದ ಬಂದ ಕಾಡೆಮ್ಮೆಯ ಬುರುಡೆ. ಅದರ ಕೊಂಬಿನ ತುದಿ ನನ್ನ ಕೊಂಬಿಗೆ ತಾಗುತ್ತಿತ್ತು. ವಿದ್ಯಾರ್ಥಿಗಳು ನಮ್ಮನ್ನು ಅಕ್ಕತಂಗಿಯರೆನ್ನುತ್ತಿದ್ದರು, ನಾನೂ ನಂಬಿದ್ದೆ.

ಒಂದು ದಿನ ಇಂದುಮತಿ ಪಾಠದ ನಡುವೆ ನಮ್ಮಿಬ್ಬರ ಕೊಂಬಿನ ಬುಡ ತೋರಿಸಿದಳು. “ಕಾಡೆಮ್ಮಿದು ದುಂಡಗದ, ಎಮ್ಮಿದು ಮೂರು ಮೂಲಿ. ಹೆಸರಷ್ಟ ಕಾಡೆಮ್ಮಿ, ಇದು ಆಕಳಿನ ಬಳಗ.”

ಆಕಳಿನ ಕವಲೂ ಎಮ್ಮೆಯ ಕವಲೂ ಬೇರೆಯಾಗಿ ಸುಮಾರು ಕೋಟಿ ವರ್ಷವಾಯಿತಂತೆ. ಈಗ ಕೂಡಿದರೂ ಕರುವಾಗದು. ನನ್ನ ಹಿರಿಯರ ಎಲುಬು ಹಿಮಾಲಯದ ಬುಡದ ಶಿವಾಲಿಕ್ ಬೆಟ್ಟಗಳಲ್ಲಿ ಕಲ್ಲಾಗಿವೆ. ಎಮ್ಮೆಗಳ ಒಂದು ಶಾಖೆ ಆಫ್ರಿಕಾದ ಹುಲ್ಲುಗಾವಲಿನಲ್ಲಿದೆ. ಏಷ್ಯಾದ ಶಾಖೆಯಲ್ಲಿ ಕೆಲವು ದ್ವೀಪಗಳಲ್ಲಿ ಸಿಕ್ಕಿಬಿದ್ದು ತಲೆಮಾರುಗಟ್ಟಲೆ ಮೈ ಕುಗ್ಗಿಸಿಕೊಂಡವು: ಸುಲಾವೆಸಿಯ ಅನೋವಾ, ಫಿಲಿಪೀನ್ಸಿನ ತಮರಾವ್. ನಮ್ಮ ಊರೆಮ್ಮೆಗಳ ಮೂಲವಾದ ನಿಜವಾದ ಕಾಡಿನ ಎಮ್ಮೆ ಅಸ್ಸಾಮಿನ ಜೌಗಿನಲ್ಲಿ, ಇನ್ನೂ ಕೆಲವೆಡೆ ಅಷ್ಟಿಷ್ಟು ಉಳಿದಿದೆ.

ಪಾಠ ಮುಗಿಯಿತು. ಇಂದುಮತಿ ನನ್ನನ್ನು ಎತ್ತಿ ಎದುರುಗೋಡೆಯ ಕಪಾಟಿನಲ್ಲಿಟ್ಟಳು. ಎರಡೂ ಬದಿಗೆ ಜಾಗ ಬಿಟ್ಟು ಆ ದೂರದ ಬಂಧುಗಳ ಹೆಸರು ಅಂಟಿಸಿದಳು. ಅವರ ಬುರುಡೆ ಕೇಳಿ ಎಲ್ಲೆಲ್ಲಿಗೋ ಬರೆದಳು. ಯಾರೂ ಬರಲಿಲ್ಲ.

ವರ್ಷಗಳ ಮೇಲೆ ತುಳಸಾಬಾಯಿ ಬಂದಳು, ಕೋಲೂರಿಕೊಂಡು. ನನ್ನ ಹಣೆಯ ಮೇಲೆ ಅಂಗೈ ಇಟ್ಟು, ಅಕ್ಕಪಕ್ಕ ನೋಡಿದಳು.

“ಒಬ್ಬಾಕೀನ ಇಟ್ಟೀರಲ್ರಿ?”

“ಇಕಿ ಬಳಗ ಭಾಳ ದೂರ ಅದ, ತುಳಸಕ್ಕ.”

“ಹಂಗಾರ ಎದುರಿನ ಆ ಬುರುಡಿ ಬಾಜೂಕ ಇಡ್ರಿ.”

“ಅದು ಇಕಿ ಬಳಗ ಅಲ್ಲ. ಹುಡುಗರು ತಪ್ಪು ಕಲೀತಾರ.”

“ನನ್ನ ಬಾಜೂ ಮನಿಯವರೂ ನನಗೇನೂ ಆಗಬೇಕಿಲ್ಲ, ಬಾಯಾರ. ಸಂಜೀಕ ಮಾತಾಡ್ಸತಾರ, ಅಷ್ಟ.”

ಇಂದುಮತಿ ಒಬ್ಬಂಟಿ ಹೆಂಗಸು; ಡಬ್ಬಿಯ ಊಟವನ್ನೂ ಇದೇ ಕೋಣೆಯಲ್ಲಿ ನಮ್ಮ ನಡುವೆ ಕೂತು ಉಣ್ಣುತ್ತಿದ್ದಳು. ಅಂದು ತುಳಸಾಬಾಯಿಯನ್ನು ಗೇಟಿನ ತನಕ ಬಿಟ್ಟು ಬಂದವಳು, ಬೀಗ ಹಾಕುವ ಮೊದಲು ನನ್ನನ್ನು ಎದೆಗವಚಿಕೊಂಡು ಹೋಗಿ ಕಾಡೆಮ್ಮೆಯ ಪಕ್ಕದಲ್ಲಿಟ್ಟಳು. ಬೆಳಿಗ್ಗೆ ಹುಡುಗರು ಬರುವ ಮೊದಲು ಮತ್ತೆ ನನ್ನ ಜಾಗಕ್ಕೆ ತಂದಳು. ಅಂದಿನಿಂದ ಅದೇ ರೂಢಿಯಾಯಿತು. ಯಾರಿಗೂ ಹೇಳಲಿಲ್ಲ.

ಆಕೆ ನಿವೃತ್ತಳಾದ ಸಂಜೆ ನನ್ನನ್ನು ಎತ್ತಿಕೊಂಡಳು. ಬೀಗದ ಕೈ ಪಡೆಯಲು ಬಂದ ಹೊಸ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು.

“ಮೇಡಮ್, ಅದನ್ನ ಎಲ್ಲಿ ಇಡಬೇಕ್ರಿ?”

ಕಾಡೆಮ್ಮೆಯ ಕಡೆ ಒಮ್ಮೆ ನೋಡಿದಳು.

“ಅದರ ಜಾಗಾದಾಗ,” ಎಂದು ನನ್ನನ್ನು ಹೆಸರುಚೀಟಿಗಳ ನಡುವೆ ಇಟ್ಟು, ಸೆರಗಿನಿಂದ ನನ್ನ ಕೊಂಬಿನ ಧೂಳು ಒರೆಸಿ ಹೋದಳು.

ಹೊಸ ಮೇಷ್ಟ್ರು ಒಳ್ಳೆಯವರು, ಏನನ್ನೂ ಕದಲಿಸುವುದಿಲ್ಲ. ಹಗಲೂ ರಾತ್ರಿಯೂ ಈಗ ನಾನು ಸರಿಯಾದ ಜಾಗದಲ್ಲೇ ಇದ್ದೇನೆ.