ಅತ್ತೆ ಪಾರ್ಕಿಗೆ ಹೋಗುವ ಹೊತ್ತು

ಆಂಟಾಪ್ ಹಿಲ್‌ನಲ್ಲಿ ನಮ್ಮ ಸರಕಾರಿ ಕ್ವಾರ್ಟರ್ಸಿನ ಹಿಂದಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಯಾರು ಒಡೆದರು, ಯಾವಾಗ ಒಡೆದರು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಗೋಡೆಯ ಆಚೆ ಸಾರ್ವಜನಿಕ ಉದ್ಯಾನ, ಈಚೆ ನಮ್ಮ ಅಡುಗೆಮನೆಯ ಕಿಟಕಿ. ಸಣಕಲು ಮೈಯವರು ನೇರವಾಗಿ, ನನ್ನಂಥವರು ಅಡ್ಡಡ್ಡವಾಗಿ ಅದರಲ್ಲಿ ತೂರಬಹುದಿತ್ತು. ನನ್ನ ಅತ್ತೆ ಪುಟ್ಟಲಕ್ಷ್ಮಮ್ಮನವರು ಮಾತ್ರ ಹಿಮ್ಮುಖವಾಗಿ ಹೋಗುತ್ತಿದ್ದರು. ಸೆರಗು ಇಟ್ಟಿಗೆಗೆ ಸಿಕ್ಕಿಕೊಂಡರೆ ಕೂಡಲೇ ಕಾಣುತ್ತದೆ ಎಂಬುದು ಅವರ ವಾದ.

ದಿನಾ ನಾಲ್ಕು ಗಂಟೆಗೆ ಕಾಫಿ ಕುಡಿದು, ಲೋಟ ತೊಳೆದು ಬೋರಲು ಹಾಕಿ ಅತ್ತೆ ಪಾರ್ಕಿಗೆ ಹೊರಡುತ್ತಿದ್ದರು. ಐದೂವರೆಗೆ ಬರುತ್ತಿದ್ದರು. ಈ ಒಂದೂವರೆ ಗಂಟೆಯ ವಿಷಯ ಸ್ವಲ್ಪ ಹೇಳಲೇಬೇಕು. ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಮಗಳು ವನಮಾಲಾಳದು ಮಧ್ಯಾಹ್ನದ ಶಿಫ್ಟಿನ ಶಾಲೆ, ಬರುವುದು ಆರೂಕಾಲಿಗೆ. ನಮ್ಮವರು, ಅಂದರೆ ಸೀತಾರಾಮ, ಲೋಕಲ್ ರೈಲಿನಲ್ಲಿ ಜಜ್ಜಿಸಿಕೊಂಡು ಆಫೀಸಿನಿಂದ ಬರುವಾಗ ಏಳೂವರೆ. ಅತ್ತೆ ಸದಾಕಾಲ ಇರುವವರು. ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ನಾನು ಒಬ್ಬಳೇ ಇರುತ್ತಿದ್ದದ್ದು ನಾಲ್ಕರಿಂದ ಐದೂವರೆಯವರೆಗೆ. ಆಗ ಏನು ಮಾಡುತ್ತಿದ್ದೆ ಎಂದರೆ, ಏನೂ ಮಾಡುತ್ತಿರಲಿಲ್ಲ. ಬಾಗಿಲಿಗೆ ಚಿಲಕ ಹಾಕಿ, ನೆಲದ ಮೇಲೆ ಕಾಲು ಚಾಚಿ ಮಲಗಿ ಫ್ಯಾನು ತಿರುಗುವುದನ್ನು ನೋಡುತ್ತಿದ್ದೆ. ಹುಣಸೆಹಣ್ಣು ಎಲ್ಲಿಟ್ಟೆ ಎಂದು ಯಾರೂ ಕೇಳುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಿನ ಸುಖವನ್ನು ನಾನು ದೇವರ ಹತ್ತಿರವೂ ಕೇಳಿದವಳಲ್ಲ.

ಅತ್ತೆಗೆ ಈ ಅಭ್ಯಾಸ ಹಚ್ಚಿಸಿದವಳೂ ನಾನೇ. ಐದು ವರ್ಷದ ಹಿಂದೆ, "ಮೊಣಕಾಲಿಗೆ ನಡಿಗೆ ಒಳ್ಳೇದಂತೆ ಅತ್ತೆ, ಡಾಕ್ಟರು ರೇಡಿಯೋದಲ್ಲಿ ಹೇಳ್ತಿದ್ರು" ಎಂದು ನಯವಾಗಿ ಪೀಠಿಕೆ ಹಾಕಿದ್ದೆ. ಯಾವ ಡಾಕ್ಟರೂ ಹೇಳಿರಲಿಲ್ಲ. ಮಾರನೆಯ ದಿನದಿಂದಲೇ ಅವರು ಹೊರಟರು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಅವರೇನೋ ದಿನಾ ಬಂದು ಸೊಳ್ಳೆಯನ್ನು ಬೈಯುತ್ತಿದ್ದರು, ಬೆಂಚಿಗೆ ಬೆನ್ನಿಲ್ಲ ಎನ್ನುತ್ತಿದ್ದರು, ಪಕ್ಕದಲ್ಲಿ ಕೂರುವ ಗುಜರಾತಿ ಮುದುಕಿ ನಿದ್ದೆಯಲ್ಲಿ ತಮ್ಮ ಭುಜಕ್ಕೆ ಒರಗುತ್ತಾಳೆ ಎಂದು ದೂರುತ್ತಿದ್ದರು. ಇಷ್ಟಪಟ್ಟದ್ದನ್ನೂ ಬೈಯುವುದು ಅವರ ಸ್ವಭಾವ ಎಂದುಕೊಂಡು ನಾನು ಸುಮ್ಮನಿದ್ದೆ.

ಎಂಬತ್ತೇಳರ ದೀಪಾವಳಿ ಕಳೆದ ಮೇಲೆ ಒಂದು ದಿನ ಪಾರ್ಕಿನ ಮಾಲಿ ರಾಮಪ್ಪ ಕಿಂಡಿಯಲ್ಲಿ ತಲೆ ತೂರಿಸಿ ಕೂಗಿದ. ಬಿಜಾಪುರದ ಕಡೆಯವನು, ಕನ್ನಡ ಮಾತಾಡುವ ಆಸೆಗೇ ನಮ್ಮ ಕಿಟಕಿಯ ಹತ್ತಿರ ಸುಳಿದಾಡುತ್ತಿದ್ದ.

"ಅಕ್ಕಾರ, ಪಾರ್ಕಿಗೆ ರೊಕ್ಕ ಬಂದೈತ್ರಿ. ಮಂದಿ ಎಲ್ಲಾರಿಗೂ ಬರಾಕ ಸಲೀಸ ಆಗ್ಲಿ ಅಂತ ದೊಡ್ಡ ಯೋಜನಾ."

"ಒಳ್ಳೇದಾಯ್ತಲ್ಲ ರಾಮಪ್ಪ."

"ಒಳ್ಳೇದ ಖರೆ. ನಾಳಿ ಈ ಕಿಂಡಿ ಮುಚ್ಚತಾರ."

ಯಾವ ಖಾತೆಯ ಯೋಜನೆ ಎಂದು ನಾನು ಹೇಳುವುದಿಲ್ಲ. ನಮ್ಮವರಿಗೆ ಇನ್ನೂ ಹನ್ನೊಂದು ವರ್ಷ ಸರ್ವಿಸ್ ಇದೆ. ಎಲ್ಲ ಜನರಿಗೂ ಉದ್ಯಾನ ಸುಲಭವಾಗಿ ಸಿಗಬೇಕೆಂಬುದು ಅದರ ಉದ್ದೇಶ. ಆ ಪ್ರಕಾರ ಆಚೆ ತುದಿಯ ದೊಡ್ಡ ರಸ್ತೆಗೆ ಕಮಾನು ಕಟ್ಟಿದ ಭಾರಿ ಗೇಟು ಬಂತು, ಅದರ ಪಕ್ಕದಲ್ಲಿ ‘ಸರ್ವರಿಗೂ ಸ್ವಾಗತ’ ಎಂದು ಮೂರು ಭಾಷೆಯಲ್ಲಿ ಬೋರ್ಡು ಬಂತು. ನಮ್ಮ ಕಿಂಡಿಗೆ ಇಟ್ಟಿಗೆ ಸಿಮೆಂಟು ಬಿತ್ತು. ನಲವತ್ತು ಹೆಜ್ಜೆಯಲ್ಲಿದ್ದ ಬೆಂಚಿಗೆ ಈಗ ಲಾರಿ ಓಡಾಡುವ ಎರಡು ರಸ್ತೆ ದಾಟಿ ಒಂದೂವರೆ ಮೈಲಿ ಸುತ್ತಬೇಕಾಯಿತು. ಅತ್ತೆಯ ಮೊಣಕಾಲು ಅದಕ್ಕೆ ಒಪ್ಪುವಂಥದ್ದಲ್ಲ.

ಅಂದಿನಿಂದ ನಾಲ್ಕು ಗಂಟೆಗೆ ಅತ್ತೆ ಮನೆಯಲ್ಲೇ. ಮೊದಲ ದಿನ ಡಬ್ಬಿಗಳನ್ನೆಲ್ಲ ಇಳಿಸಿ ಎತ್ತರದ ಪ್ರಕಾರ ಜೋಡಿಸಿದರು. ಎರಡನೆಯ ದಿನ ಬೇಳೆಯ ಪ್ರಕಾರ ಜೋಡಿಸಿದರು. ಮೂರನೆಯ ದಿನ ನಾನು ಹಟ ಮಾಡಿ ನೆಲದ ಮೇಲೆ ಮಲಗಿದೆ. ಐದು ನಿಮಿಷಕ್ಕೆ, "ಜ್ವರವೇನೇ ಸುಮಿತ್ರಾ?" ಎಂದು ಹಣೆ ಮುಟ್ಟಿದರು. ಇಲ್ಲ ಎಂದೆ. "ಮತ್ಯಾಕೆ ಮಲಗಿದ್ದೀ?" ಎಂದರು. ಎದ್ದು ಅಕ್ಕಿ ಆರಿಸತೊಡಗಿದೆ. ಹದಿನೈದು ದಿನದಲ್ಲಿ ಸಾರಿಗೆ ಎರಡೆರಡು ಸಲ ಉಪ್ಪು ಹಾಕುವಷ್ಟು ನನ್ನ ತಲೆ ಕೆಟ್ಟಿತು.

ನಮ್ಮವರ ಪ್ರಾಣ ತಿಂದು ಅರ್ಜಿ ಬರೆಸಿದೆ. ಅವರು ಎಂಟು ದಿನ ತೆಗೆದುಕೊಂಡರು. ‘ಕೆಳಗೆ ಸಹಿ ಮಾಡಿರುವವನ ವೃದ್ಧ ತಾಯಿ’ ಎಂದು ಇಂಗ್ಲಿಷಿನಲ್ಲಿ ಶುರುವಾದ ಅದು ಎರಡು ಪುಟ ದಾಟಿದರೂ ಕಿಂಡಿಯ ಹತ್ತಿರ ಬಂದಿರಲಿಲ್ಲ. ಕೊನೆಗೆ ಅದನ್ನು ಹಿಡಿದುಕೊಂಡು ನಾನೇ ಆ ಖಾತೆಯ ಆಫೀಸಿಗೆ ಹೋದೆ. ಗುಮಾಸ್ತ ನಕ್ಷೆ ಹರಡಿ ತೋರಿಸಿದ. ನಕ್ಷೆಯಲ್ಲಿ ಗೋಡೆ ಇಡಿಯಾಗಿತ್ತು. ಕಿಂಡಿ ಇರಲೇ ಇಲ್ಲ, ಆದ್ದರಿಂದ ಅದನ್ನು ಯಾರೂ ಮುಚ್ಚಿಲ್ಲ ಎಂದು ತೀರ್ಪು ಕೊಟ್ಟು ಊಟಕ್ಕೆ ಎದ್ದ.

ನಾನು ಬಿಡಲಿಲ್ಲ. ಐದನೆಯ ಸಲ ಹೋದಾಗ ಅವನೇ ಬೇಸತ್ತು ಗುಟ್ಟು ಬಿಟ್ಟ. ಯೋಜನೆಯಲ್ಲಿ ಇನ್ನೂ ಹಣ ಉಳಿದಿದೆ, ಮಾರ್ಚಿನೊಳಗೆ ಖರ್ಚಾಗದಿದ್ದರೆ ವಾಪಸು ಹೋಗುತ್ತದೆ. ಹಿಂದಿನ ಗೋಡೆಯಲ್ಲಿ ಒಂದು ಸಣ್ಣ ಗೇಟಿಗೆ ಅವಕಾಶವಿದೆ. ಆದರೆ ಅದು ನಿಜವಾಗಿ ಬೇಕಾದ ಹಿರಿಯರೊಬ್ಬರು ಇಂಜಿನಿಯರ ಎದುರು ಹೇಳಿಕೆ ಕೊಡಬೇಕು, ಇಂಜಿನಿಯರೇ ಮನೆಗೆ ಬರುತ್ತಾರೆ ಎಂದ.

ಅವರು ಬರುವ ಹಿಂದಿನ ದಿನವೆಲ್ಲ ಅತ್ತೆಗೆ ಪಾಠ ಹೇಳಿಕೊಟ್ಟೆ. ಮೊಣಕಾಲು ನೋವು, ಡಾಕ್ಟರ ಸಲಹೆ, ಪಾರ್ಕಿಲ್ಲದೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಅತ್ತೆ ಹೂಂ ಹೂಂ ಎಂದರು. ಮೈಸೂರಿನಿಂದ ಬಂದು ಹದಿನಾಲ್ಕು ವರ್ಷವಾದರೂ ಅವರ ಹಿಂದಿ ತರಕಾರಿ ಗಾಡಿಯನ್ನು ದಾಟಿ ಮುಂದೆ ಹೋಗಿರಲಿಲ್ಲ. ಅದು ಬಿಟ್ಟರೆ ನನಗೆ ಭಯವಿರಲಿಲ್ಲ.

ಇಂಜಿನಿಯರು ನಾಲ್ಕು ಗಂಟೆಗೆ ಬಂದರು. ವಯಸ್ಸು ಮೂವತ್ತರ ಒಳಗೆ, ಕಂಕುಳಲ್ಲಿ ಫೈಲು. ನಮ್ಮ ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತು ಫಾರಮ್ಮು ಬಿಡಿಸಿದರು.

"ಆಜೀ, ಆಪ್‌ಕೋ ಗೇಟ್ ಕಾಯ್ಕೂ ಮಂಗತಾ?" ಗೇಟು ಯಾಕೆ ಬೇಕು ಎಂದು ಕೇಳಿದರು.

ಅತ್ತೆ ನನ್ನನ್ನು ಒಮ್ಮೆ, ಅವರನ್ನು ಒಮ್ಮೆ ನೋಡಿದರು.

"ಮೇರೆಕೋ ನಕೋ", ನನಗೆ ಬೇಡ ಎಂದರು.

ಇಂಜಿನಿಯರು ಪೆನ್ನಿನ ಕ್ಯಾಪು ಹಾಕಿದರು.

"ಪಾರ್ಕ್ ಅಚ್ಛಾ ನಹೀ. ಮಚ್ಛರ್ ಹೈ. ಬೆಂಚ್‌ಕೋ ಬೆನ್ನು ನಹೀ" ಎಂದು ಅತ್ತೆ ಅದೇ ಹಳೆಯ ಸೊಳ್ಳೆ, ಬೆಂಚಿನ ದೂರನ್ನು ಮುಂದುವರಿಸಿದರು.

"ಅತ್ತೆ, ಮೊಣಕಾಲು..." ಎಂದು ನಾನು ಪಿಸುಗುಟ್ಟಿದೆ.

"ಸುಮ್ನಿರೇ. ಕೇಳಿದ್ದಕ್ಕೆ ಸುಳ್ಳು ಹೇಳೋಕಾಗುತ್ತಾ?"

"ಫಿರ್ ಗೇಟ್ ಕಿಸ್‌ಕೋ ಮಂಗತಾ?" ಹಾಗಾದರೆ ಯಾರಿಗೆ ಬೇಕು ಎಂದರು ಇಂಜಿನಿಯರು.

ಅತ್ತೆ ನನ್ನ ಕಡೆ ಬೆರಳು ಮಾಡಿದರು. "ಬಹೂಕೋ." ಸೊಸೆಗಂತೆ.

"ಬಹೂ ಗಾರ್ಡನ್ ಜಾತೀ?"

"ನಹೀ. ಬಹೂ ಘರ್ ಮೇ ಸೋತೀ. ಹಮ್ ಬಾಹರ್ ಜಾತೀ." ಸೊಸೆ ಮನೆಯಲ್ಲಿ ಮಲಗುತ್ತಾಳೆ, ನಾನು ಹೊರಗೆ ಹೋಗುತ್ತೇನೆ ಎನ್ನುವಷ್ಟಕ್ಕೆ ಅವರ ಹಿಂದಿ ಮುಗಿಯಿತು. ಉಳಿದದ್ದನ್ನು ಕನ್ನಡದಲ್ಲೇ ಹೇಳಿ, ನನಗೆ ಹಿಂದಿ ಮಾಡು ಎಂದರು. "ಇರೋದು ಒಂದು ರೂಮು ಕಣಪ್ಪ. ನಾನೂ ಸೊಸೆಯಾಗಿದ್ದೆ. ನಮ್ಮತ್ತೆ ಇಪ್ಪತ್ತಾರು ವರ್ಷ ಹೊಸಲು ದಾಟಿದವರಲ್ಲ. ಒಂದಿನ, ಒಂದೇ ಒಂದಿನ, ಎಲ್ಲಾದ್ರೂ ಹೋಗಿ ಬರಬಾರದಾ ಅಂತ ನಾನು ದೇವರಿಗೆ ಕೈಮುಗೀತಿದ್ದೆ. ಇವಳು ಡಾಕ್ಟರ ಹೆಸರು ಹೇಳಿದ್ಲು ನೋಡು, ಆಗಲೇ ನನಗೆ ಅರ್ಥವಾಯ್ತು."

ಇದನ್ನು ನಾನು ಹಿಂದಿ ಮಾಡಬೇಕಿತ್ತು. ಮೊದಲ ವಾಕ್ಯ ಹೇಳಿದೆ, ಅಲ್ಲಿಗೇ ನಿಲ್ಲಿಸಿದೆ. ನಾಚಿಕೆಯೂ ಆಯಿತು, ಅಳುವೂ ಬಂತು. ಐದು ವರ್ಷದಿಂದ ನಾನು ಅವರನ್ನು ಉಪಾಯವಾಗಿ ಸಾಗಹಾಕುತ್ತಿದ್ದೇನೆಂದು ನಂಬಿದ್ದೆ. ನನ್ನಷ್ಟು ಪೆದ್ದಿ ಇಡೀ ಕ್ವಾರ್ಟರ್ಸಿನಲ್ಲಿ ಇರಲಿಲ್ಲ.

ಇಂಜಿನಿಯರು ಉಳಿದದ್ದನ್ನು ಕೇಳಲಿಲ್ಲ. ನಮ್ಮ ಕೋಣೆಯನ್ನು ಮಂಚದಿಂದ ಹೊಲಿಗೆ ಮೆಷಿನ್ನಿನವರೆಗೆ ಒಂದು ಸುತ್ತು ನೋಡಿದರು. ತಮ್ಮದೂ ಪರೇಲಿನ ಚಾಳಿನಲ್ಲಿ ಒಂದೇ ಖೋಲಿ, ತಾಯಿ ಮತ್ತು ಹೆಂಡತಿ ಇಬ್ಬರೂ ದಿನವೆಲ್ಲ ಅಲ್ಲೇ ಎಂದು ಮೆಲ್ಲಗೆ ಹೇಳಿದರು. ಫಾರಮ್ಮಿನ ಕಾರಣದ ಕಾಲಮ್ಮಿನಲ್ಲಿ ‘ಆರೋಗ್ಯ’ ಎಂದು ಬರೆದು, ಅತ್ತೆಯ ಸಹಿ ಹಾಕಿಸಿಕೊಂಡು ಎದ್ದರು.

ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಗೇಟು ಬಂತು. ಒಬ್ಬರೇ ಹಾಯುವಷ್ಟು ಅಗಲದ ಕಬ್ಬಿಣದ ಗೇಟು, ಹಸಿರು ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ನಾಲ್ಕು ಗಂಟೆಗೆ ಅತ್ತೆ ಕಾಫಿ ಕುಡಿದು ಚಪ್ಪಲಿ ಮೆಟ್ಟಲು ಹೋದರು. ನಾನು ಅವರ ಕೈ ಹಿಡಿದೆ.

"ಇವತ್ತು ನಾನು ಹೋಗ್ತೀನಿ ಅತ್ತೆ. ನೀವು ಸ್ವಲ್ಪ ಮಲಗಿ."

"ನೀನ್ಯಾಕೆ ಹೋಗ್ತೀಯೇ?"

"ಸುಮ್ನೆ. ಮಲಗಿ."

ನಾನು ಪಾರ್ಕಿಗೆ ಹೋಗಿ ಬೆಂಚಿನ ಮೇಲೆ ಕೂತೆ. ಸೊಳ್ಳೆಗಳು ನಿಜವಾಗಿಯೂ ಇದ್ದವು. ಬೆನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಗುಜರಾತಿ ಮುದುಕಿ ಬಂದು ಕೂತು, ಎರಡು ನಿಮಿಷದಲ್ಲಿ ನನ್ನ ಭುಜಕ್ಕೆ ಒರಗಿ ಗೊರಕೆ ಹೊಡೆಯತೊಡಗಿದಳು. ಗಂಟೆ ಐದಾಯಿತೆಂದುಕೊಂಡು ರಾಮಪ್ಪನನ್ನು ಕೇಳಿದರೆ, ನಾಲ್ಕೂ ಇಪ್ಪತ್ತು ಎಂದ. ಐದು ವರ್ಷ ಅತ್ತೆ ಈ ಬೆಂಚಿನ ಮೇಲೆ ಎಷ್ಟು ಹೊತ್ತು ಕಳೆದರೆಂದು ಲೆಕ್ಕ ಹಾಕಲು ಹೋಗಿ ಧೈರ್ಯ ಸಾಲದೆ ಬಿಟ್ಟೆ. ಇನ್ನು ಹತ್ತು ನಿಮಿಷ ಹೇಗೋ ತಡೆದು, ಮುದುಕಿಯ ತಲೆಯನ್ನು ಮೆಲ್ಲಗೆ ಸರಿಸಿ ಮನೆಗೆ ಓಡಿಬಂದೆ.

ಒಳಗಿನಿಂದ ಚಿಲಕ ಹಾಕಿತ್ತು. ಬಾಗಿಲು ತಟ್ಟಿದೆ.

"ಯಾರು?" ಎಂದು ಅತ್ತೆಯ ಸ್ವರ ಬಂತು. ನೆಲದ ಮಟ್ಟದಿಂದ ಬಂತು.

"ನಾನು ಅತ್ತೆ. ಸೊಳ್ಳೆ ತುಂಬಾ."

ಒಳಗೆ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ಯಾರೂ ಏಳುವ ಸದ್ದು ಕೇಳಲಿಲ್ಲ.

"ಇನ್ನೂ ಐದೂ ಆಗಿಲ್ಲ ಕಣೇ" ಎಂದರು ಅತ್ತೆ. "ಹೋಗು, ಇನ್ನೊಂದು ಸ್ವಲ್ಪ ಕೂತಿದ್ದು ಬಾ."

ನಾನು ಹೋಗಿ ಕೂತೆ.