ಮುಟ್ಟಬಾರದ ಗಂಟು

ಒಂದೂವರೆ ವರ್ಷದ ಶರಾವತಿಯ ಕೆನ್ನೆಯ ಮೇಲೆ ಕಡಲೆಕಾಳಿನಷ್ಟು ಹಳದಿ ಗಂಟೊಂದು ಎದ್ದಾಗ, ಅವಳ ಅಪ್ಪ ಹೂವಯ್ಯ ಮಗುವನ್ನೆತ್ತಿಕೊಂಡು ಹೊಸನಗರದಲ್ಲಿ ಬಸ್ಸು ಹತ್ತಿ ತೀರ್ಥಹಳ್ಳಿಯ ಶ್ರೇಯಾಂಸ ಡಾಕ್ಟರ ಬಳಿಗೆ ಹೋದ. ಡಾಕ್ಟರು ಗಂಟನ್ನು ಒತ್ತಿ ನೋಡಿದರು, ದಪ್ಪನೆಯ ಪುಸ್ತಕವೊಂದನ್ನು ತೆರೆದು ನೋಡಿದರು.

"ಅಪರೂಪದ್ದು ಕಣ್ರೀ. ಚಿಕ್ಕ ಮಕ್ಕಳಿಗೆ ಬರೋದು. ಅಪಾಯ ಇಲ್ಲ. ಒಂದೆರಡು ವರ್ಷದಲ್ಲಿ ತಾನೇ ಕರಗುತ್ತೆ."

"ಔಷಧಿ?"

"ಸುಮ್ಮನಿರೋದೇ ಔಷಧಿ."

ಸುಮ್ಮನಿರುವುದು ಹೂವಯ್ಯನಿಗೆ ಕಷ್ಟವಿರಲಿಲ್ಲ. ಬಿ.ಎ. ಮುಗಿಸಿ ಬಂದ ಮೇಲೆ ಅವನು ಮನೆಯಲ್ಲಿ ಬಾಯಿಬಿಡುತ್ತಿದ್ದುದೇ ಅಪರೂಪ. ಕಷ್ಟವಾದದ್ದು ಅವನ ತಾಯಿ ತುಂಗಮ್ಮನಿಗೆ.

"ಒಂದು ಇಂಜೆಕ್ಷನ್ ಇಲ್ಲ, ಒಂದು ಬಾಟ್ಲಿ ಬಣ್ಣದ ನೀರಿಲ್ಲ. ಅವನೆಂಥ ಡಾಕ್ಟ್ರೋ! ಮಂಗಳವಾರ ನಾಟಿಮದ್ದಿನ ದುಗ್ಗಮ್ಮ ಬರ್ತಾಳೆ. ಅರಿಶಿನದ ಕೊಂಬು ಕಾಯ್ಸಿ ಒಂದು ಬರೆ ಎಳೆದ್ರೆ ಗಂಟು ಸುಟ್ಟು ಹೋಗ್ತದೆ."

"ಕೆನ್ನೆನೂ ಸುಟ್ಟು ಹೋಗ್ತದೆ ಅವ್ವಾ."

"ನಿಂಗೂ ಹೊಟ್ಟೆ ಮೇಲೆ ಎಳೆಸಿದ್ದೆ. ಸತ್ತು ಹೋದ್ಯಾ?"

ಮಂಗಳವಾರ ದುಗ್ಗಮ್ಮ ಬಂದೇಬಂದಳು. ಒಲೆಯಲ್ಲಿ ಕೊಂಬಿನ ತುದಿ ಕೆಂಡವಾಯಿತು. ದುಗ್ಗಮ್ಮ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೊಂಬನ್ನೆತ್ತಿದಾಗ ಹೂವಯ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ:

"ಕನಸಲ್ಲಿ ನಾಗಪ್ಪ ಬಂದಿದ್ದ. ಅದು ನನ್ನ ಗುರುತು, ಯಾರೂ ಮುಟ್ಟಬಾರದು, ನಾನೇ ವಾಪಸ್ ತಗೊಂಡು ಹೋಗ್ತೀನಿ ಅಂದ."

ದುಗ್ಗಮ್ಮನ ಕೈ ಅಲ್ಲೇ ನಿಂತಿತು. ಅಷ್ಟುದ್ದದ ಮಾತನ್ನು ಆ ಮನೆ ಅವನ ಬಾಯಿಂದ ಕೇಳಿರಲಿಲ್ಲ. ಮಾತೇ ಆಡದವನು ಸುಳ್ಳಾಡುತ್ತಾನೆಯೇ? ತುಂಗಮ್ಮ ಅವಳ ಕೈಯಿಂದ ಕೊಂಬನ್ನು ಕಸಿದು ಬೂದಿಗೆ ತಳ್ಳಿ, "ತಪ್ಪಾಯ್ತಪ್ಪಾ" ಎಂದು ಕೆನ್ನೆ ಬಡಿದುಕೊಂಡಳು.

ಗಂಟು ಪುಸ್ತಕದಲ್ಲಿದ್ದಂತೆಯೇ ನಡೆದುಕೊಂಡಿತು. ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ಕೆನ್ನೆ ನುಣುಪಾಗಿತ್ತು. ತುಂಗಮ್ಮ ನಾಗರಕಲ್ಲಿಗೆ ಹಾಲೆರೆದಳು; ಸುದ್ದಿ ಸಾಗರದ ಸಂತೆಯವರೆಗೂ ಹೋಯಿತು. ಹೂವಯ್ಯನ ಜಗಲಿಯ ಮೇಲೆ ಮಕ್ಕಳನ್ನೆತ್ತಿಕೊಂಡ ತಾಯಂದಿರು ಬಂದು ಕೂರತೊಡಗಿದರು. ಅವನು "ನಂಗೇನೂ ಗೊತ್ತಿಲ್ಲ" ಎಂದಷ್ಟೂ ಅವರ ಭಕ್ತಿ ಹೆಚ್ಚಿತು.

ಒಂದು ಬೆಳಿಗ್ಗೆ ಮೂಕಮ್ಮ ಎಂಬಾಕೆ ಬಂದಳು. ಅವಳ ಮಗುವಿನ ಕುತ್ತಿಗೆಯಲ್ಲಿ ಕುರು ಎದ್ದು ಕೀವು ತುಂಬಿತ್ತು, ಮೈ ಸುಡುತ್ತಿತ್ತು.

"ಈಗ್ಲೇ ಶ್ರೇಯಾಂಸ ಡಾಕ್ಟ್ರ ಹತ್ರ ಹೋಗು" ಎಂದ ಹೂವಯ್ಯ.

"ಆ ಡಾಕ್ಟ್ರಾ? ನಿಮ್ ಮಗೀಗೇ ಎಂತದೂ ಮಾಡ್ಲಿಲ್ವಂತಲ್ಲ ಗೌಡ್ರೇ! ನೀವೇ ನಾಗಪ್ಪನ್ನ ಕೇಳಿ ಹೇಳಿ. ಮುಟ್ಟದೆ ಹಾಗೇ ಬಿಡ್ತೀನಿ."

"ಕೇಳಿ ಹೇಳೋ, ಪಾಪ" ಎಂದಳು ಒಳಗಿನಿಂದ ತುಂಗಮ್ಮ.

ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದ್ದ ಹೂವಯ್ಯ ಮಗುವನ್ನೊಮ್ಮೆ ನೋಡಿ ಕಣ್ಣು ಮುಚ್ಚಿದ.

"ಹತ್ತು ಗಂಟೆ ಬಸ್ಸಿಗೇ ತೀರ್ಥಹಳ್ಳಿಗೆ ಹೋಗಬೇಕಂತೆ. ಆ ಡಾಕ್ಟ್ರ ಹತ್ರಾನೇ. ನಾಗಪ್ಪ ಹೇಳ್ತಿದಾನೆ."

ಮೂಕಮ್ಮ ಅವನ ಕಾಲು ಮುಟ್ಟಿ ನಮಸ್ಕರಿಸಿ, ಬಸ್ಸು ತಪ್ಪೀತೆಂದು ಓಡಿದಳು.